ಪೀಕದಾನಿಯೂ ಪವರ್ ಪ್ರೆಸ್ಸೂ



2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ಸೆಕ್ಷನ್ 20 ಪೀಕದಾನಿಗೆ ಮೀಸಲಾಗಿತ್ತು. ಕಾರ್ಖಾನೆಯಲ್ಲಿ ಅನುಕೂಲವಾದ ಕಡೆಗಳಲ್ಲಿ ಸಾಕಷ್ಟು ಪೀಕದಾನಿ ಇಟ್ಟಿರಬೇಕು, ಅವು ಚೊಕ್ಕಟವಾಗಿರಬೇಕು ಎಂದು ಅದು ಹೇಳುತ್ತಿತ್ತು. ಅದರ ಮಗ್ಗುಲಲ್ಲೇ ಇದ್ದ ಸೆಕ್ಷನ್ 21, ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಭದ್ರವಾದ ಗಾರ್ಡ್ ಇರಬೇಕು, ಯಂತ್ರ ಓಡುತ್ತಿರುವಷ್ಟು ಹೊತ್ತೂ ಆ ಗಾರ್ಡ್ ತನ್ನ ಜಾಗದಲ್ಲೇ ಇರಬೇಕು ಎನ್ನುತ್ತಿತ್ತು. ಇವೆರಡರಲ್ಲಿ ಯಾವುದನ್ನು ತಪ್ಪಿದರೂ ಶಿಕ್ಷೆ ಹೇಳುತ್ತಿದ್ದುದು ಒಂದೇ ಸೆಕ್ಷನ್, 92. ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪಘಾತದಲ್ಲಿ ಸಾವೋ ಗಂಭೀರ ಗಾಯವೋ ಆದರೆ ದಂಡಕ್ಕೆ ಒಂದು ಕನಿಷ್ಠ ಮೊತ್ತ ಇರಬೇಕು ಎಂಬ ಒಂದು ಮಾತು ಅದಕ್ಕೆ ಸೇರಿತ್ತು. ಅಲ್ಲಿಯ ತನಕ, ಕಾಯ್ದೆಯ ಅಕ್ಷರದಲ್ಲಿ, ಪೀಕದಾನಿ ಇಲ್ಲದ್ದೂ ಗಾರ್ಡ್ ಇಲ್ಲದ್ದೂ ಒಂದೇ ತೂಕದ ತಪ್ಪಾಗಿತ್ತು.

ಸಣ್ಣ ಕೈಗಾರಿಕೆಯವರ ಹಳೆಯ ಗೋಳಿನ ಬೇರು ಇಲ್ಲಿದೆ. ಗೋಡೆಗೆ ಹದಿನಾಲ್ಕು ತಿಂಗಳಿಗೊಮ್ಮೆ ಸುಣ್ಣ ಬಳಿಸಬೇಕಿತ್ತು, ಬಳಿಸಿದ ತಾರೀಖನ್ನು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಕುಡಿಯುವ ನೀರಿನ ಜಾಗಕ್ಕೆ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬೋರ್ಡು ಹಾಕಬೇಕಿತ್ತು, ಆ ಜಾಗ ಶೌಚಾಲಯದಿಂದ ಆರು ಮೀಟರ್ ಆಚೆಗಿರಬೇಕಿತ್ತು. ಒಂದೊಂದಾಗಿ ನೋಡಿದರೆ ಎಲ್ಲವೂ ಒಳ್ಳೆಯ ಮಾತೇ. ಆದರೆ ಮೂವತ್ತು-ನಲವತ್ತರ ಸೈಟಿನಲ್ಲಿ ಶೆಡ್ಡು ಹಾಕಿಕೊಂಡವನು ಆ ಆರು ಮೀಟರನ್ನು ಎಲ್ಲಿಂದ ತರಬೇಕಿತ್ತು? ಮುಖ್ಯ ಇನ್‌ಸ್ಪೆಕ್ಟರು ಲಿಖಿತವಾಗಿ ಒಪ್ಪಿದರೆ ದೂರ ಕಡಿಮೆ ಮಾಡಬಹುದು ಎಂಬ ವಿನಾಯಿತಿಯೂ ಕಾಯ್ದೆಯಲ್ಲಿತ್ತು. ಅಂದರೆ ಇನ್ನೊಂದು ಅರ್ಜಿ, ಇನ್ನೊಂದು ಓಡಾಟ.

ಬೆಂಗಳೂರಿನ ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ ಇಂಥ ಶೆಡ್ಡುಗಳು ಸಾಲುಸಾಲಾಗಿವೆ. ಓನರು ಎಷ್ಟೋ ಕಡೆ ಸ್ವತಃ ಟರ್ನರೋ ಫಿಟ್ಟರೋ ಆಗಿದ್ದವರು. ದೊಡ್ಡ ಕಾರ್ಖಾನೆಯಲ್ಲಿ ದುಡಿದು, ಕೈಗೆ ಬಂದ ದುಡ್ಡಿನಲ್ಲಿ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಒಂದು ಪ್ರೆಸ್ಸು ಹಾಕಿಕೊಂಡವರು. ಬೆಳಿಗ್ಗೆ ಕಚ್ಚಾ ಮಾಲು ತರುವವರು, ಮಧ್ಯಾಹ್ನ ಡೈ ಕಟ್ಟುವವರು, ಸಂಜೆ ಬಿಲ್ ಬರೆಯುವವರು, ರಾತ್ರಿ ಜಿಎಸ್‌ಟಿ ಲೆಕ್ಕ ನೋಡುವವರು ಎಲ್ಲ ಅವರೇ. ಸಾವಿರ ಕಾರ್ಮಿಕರಿರುವ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿಯನ್ನು ನೇಮಿಸಿಕೊಳ್ಳಿ ಎಂದು ಆ ಕಾಯ್ದೆಯೇ ಹೇಳುತ್ತಿತ್ತು. ಅಲ್ಲಿ ಇನ್‌ಸ್ಪೆಕ್ಟರು ಬಂದರೆ ಫೈಲು ಹಿಡಿದು ಎದುರಿಗೆ ನಿಲ್ಲಲು ಒಬ್ಬ ಆಳಿದ್ದಾನೆ. ಇಲ್ಲಿ ಇನ್‌ಸ್ಪೆಕ್ಟರು ಬಂದ ದಿನ ಮಷೀನು ನಿಂತಂತೆಯೇ.

ತಪ್ಪುಗಳೆಲ್ಲ ಒಂದೇ ತೂಕದವಾದಾಗ, ಯಾವುದನ್ನು ಬರೆಯುವುದು ಯಾವುದನ್ನು ಬಿಡುವುದು ಎಂಬುದು ಬರೆಯುವವನ ಕೈಗೆ ಹೋಗುತ್ತದೆ. ಹುಡುಕಿದರೆ ಯಾವ ಶೆಡ್ಡಿನಲ್ಲಿ ತಪ್ಪು ಸಿಗುವುದಿಲ್ಲ? ಮಾಮೂಲಿಗೆ ನೀರೆರೆಯುವುದು ಈ ಪರಿಸ್ಥಿತಿಯೇ. ಕಾರ್ಮಿಕನಿಗೆ ಇದರಿಂದ ಏನು ಬಂತು ಅಂದರೆ, ಏನೂ ಇಲ್ಲ. ರಿಜಿಸ್ಟರು ಸರಿಹೋಯಿತು, ಪ್ರೆಸ್ಸು ಹಾಗೇ ಇತ್ತು.

ಆ ಪ್ರೆಸ್ಸಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಮಿಕ್ಸಿಯ ಬುಡದಲ್ಲಿ, ಸ್ಕೂಟರಿನ ಒಳಗೆ, ಸ್ವಿಚ್ ಬೋರ್ಡಿನ ಹಿಂದೆ ಇರುವ ತಗಡಿನ ತುಂಡುಗಳು ಹುಟ್ಟುವುದು ಪವರ್ ಪ್ರೆಸ್ಸಿನಲ್ಲಿ. ಮೇಲೆ ದಪ್ಪನೆಯ ಚಕ್ರ ಸದಾ ತಿರುಗುತ್ತಿರುತ್ತದೆ. ಕೆಳಗೆ ಡೈ, ಅಂದರೆ ಅಚ್ಚು. ಆಪರೇಟರು ಎಡಗೈಯಲ್ಲಿ ತಗಡನ್ನು ಡೈಯೊಳಗೆ ಕೂರಿಸಿ, ಕಾಲಿನಲ್ಲಿ ಪೆಡಲ್ ಒತ್ತುತ್ತಾನೆ. ಭಾರವಾದ ರ‍್ಯಾಮು ಇಳಿದು ಏಳುತ್ತದೆ. ಆದ ತುಂಡನ್ನು ಬಲಗೈಯಲ್ಲಿ ತೆಗೆದು ಬುಟ್ಟಿಗೆ ಹಾಕಿ, ಮತ್ತೆ ತಗಡು, ಮತ್ತೆ ಪೆಡಲ್. ದಿನಕ್ಕೆ ಸಾವಿರಾರು ಸಲ.

ಹಳೆಯ ಪ್ರೆಸ್ಸುಗಳಲ್ಲಿ ಇರುವುದು ಕೀ ಕ್ಲಚ್. ಪೆಡಲ್ ಒತ್ತಿದಾಗ ಒಂದು ಉಕ್ಕಿನ ಕೀ ತಿರುಗಿ, ಓಡುತ್ತಿರುವ ಚಕ್ರಕ್ಕೂ ಕ್ರ್ಯಾಂಕಿಗೂ ಗಂಟು ಹಾಕುತ್ತದೆ. ಒಮ್ಮೆ ಗಂಟು ಬಿತ್ತೆಂದರೆ ಪೂರ್ತಿ ಒಂದು ಸುತ್ತು ಮುಗಿಯಲೇಬೇಕು, ನಡುವೆ ನಿಲ್ಲಿಸುವ ದಾರಿಯೇ ಇಲ್ಲ. ಆ ಕೀ ಸವೆದರೆ, ಅದರ ಸ್ಪ್ರಿಂಗ್ ಮುರಿದರೆ, ಪೆಡಲ್ ಮೇಲೆ ಕಾಲಿಲ್ಲದಿದ್ದರೂ ರ‍್ಯಾಮು ತಾನಾಗಿ ಎರಡನೆಯ ಸಲ ಇಳಿಯುತ್ತದೆ. ಡಬಲ್ ಸ್ಟ್ರೋಕ್ ಅನ್ನುವುದು ಇದಕ್ಕೇ. ತುಂಡು ತೆಗೆಯಲು ಕೈ ಒಳಗೆ ಹೋಗಿರುವ ಕ್ಷಣವೇ ಅದು.

ಈಗ ಒಬ್ಬ ಅಧಿಕಾರಿ ಬಂದು, "ಸೆನ್ಸರ್ ಹಾಕಿಸಿ" ಎಂದು ಬರೆದು ಹೋದರು ಅನ್ನಿ. ಬೆಳಕಿನ ಪರದೆಯ ಸೆನ್ಸರು ಒಳ್ಳೆಯ ಸಾಧನವೇ. ಕೈ ಅಡ್ಡ ಬಂದ ತಕ್ಷಣ ಯಂತ್ರಕ್ಕೆ ನಿಲ್ಲು ಅನ್ನುತ್ತದೆ. ಗಾಳಿಯ ಒತ್ತಡದ ನ್ಯೂಮ್ಯಾಟಿಕ್ ಕ್ಲಚ್ ಇರುವ ಪ್ರೆಸ್ಸು ಆ ಮಾತು ಕೇಳಿ ನಿಲ್ಲುತ್ತದೆ. ಕೀ ಕ್ಲಚ್ಚಿನ ಪ್ರೆಸ್ಸಿಗೆ ನಿಲ್ಲುವುದೇ ಗೊತ್ತಿಲ್ಲ. ಓನರಿನ ದುಡ್ಡು ಹೋಯಿತು. ಅದಕ್ಕಿಂತ ಕೆಟ್ಟದ್ದು, ಸೆನ್ಸರಿದೆ ಎಂಬ ಧೈರ್ಯದಲ್ಲಿ ಆಪರೇಟರು ಕೈಯನ್ನು ಇನ್ನೂ ಒಳಗೆ ಹಾಕುತ್ತಾನೆ. ಕೀ ಕ್ಲಚ್ಚಿಗೆ ಬೇಕಾದದ್ದು ಬೇರೆ: ತಗಡು ಹೋಗುವಷ್ಟು ಸಂದು ಬಿಟ್ಟು, ಬೆರಳು ಹೋಗದಂತೆ ಡೈ ಸುತ್ತ ಬಿಗಿದ ಗಾರ್ಡ್, ಕೈ ಒಳಗೆ ಹೋಗಲೇಬೇಕಾದ ಕೆಲಸವಾದರೆ ಇಕ್ಕಳವೋ ಅಯಸ್ಕಾಂತದ ಹಿಡಿಕೆಯೋ, ತುಂಡು ತಾನಾಗಿ ಜಾರಿ ಬೀಳುವ ಇಳಿಜಾರು. ಜೊತೆಗೆ ಕೀ ಮತ್ತು ಸ್ಪ್ರಿಂಗನ್ನು ಆಗಾಗ ಬಿಚ್ಚಿ ನೋಡಿ ಬದಲಾಯಿಸುವ ಅಭ್ಯಾಸ. ಇವು ಯಾವುವೂ ಶೆಡ್ಡು ಮಾರಿ ಮಾಡಿಸಬೇಕಾದ ಕೆಲಸಗಳಲ್ಲ. ಆದರೆ ಯಾವ ಪ್ರೆಸ್ಸಿಗೆ ಯಾವುದು ಎಂದು ಹೇಳಲು ಪ್ರೆಸ್ಸು ಗೊತ್ತಿರುವವರು ಬೇಕು, ಅವರಿಗೆ ಅರ್ಧ ದಿನದ ಬಿಡುವೂ ಬೇಕು.

ಎರಡು ಕೈಯಲ್ಲೂ ಗುಂಡಿ ಒತ್ತಿದರೆ ಮಾತ್ರ ಓಡುವ ಪ್ರೆಸ್ಸುಗಳಿವೆ. ಅಲ್ಲಿ ಒಂದು ಗುಂಡಿಗೆ ಟೇಪು ಸುತ್ತಿಯೋ ಕಡ್ಡಿ ಸಿಕ್ಕಿಸಿಯೋ ಇಟ್ಟಿರುವುದನ್ನೂ ನೋಡಬಹುದು. ಕಾರ್ಮಿಕರ ಬೇಜವಾಬ್ದಾರಿ ಎಂದು ಬರೆದುಕೊಂಡು ಹೋಗುವುದು ಸುಲಭ. ಪೀಸ್ ರೇಟಿನಲ್ಲಿ ಕೂಲಿ ಸಿಗುವವನು ಯಾಕೆ ಟೇಪು ಸುತ್ತಿದ ಎಂದು ಕೇಳಿದರೆ ಉತ್ತರ ಕೂಲಿಯ ಲೆಕ್ಕದಲ್ಲಿ ಸಿಗುತ್ತದೆ.

ಬೆರಳಿಗೂ ಒಂದು ಲೆಕ್ಕ ಇದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡ 14 ನಷ್ಟ ಎಂದಿತ್ತು. ನಡುಬೆರಳಿಗೆ 12. ಉಂಗುರ ಬೆರಳಿಗೂ ಕಿರುಬೆರಳಿಗೂ 7. ಮೂವತ್ತು ವರ್ಷದ ಕಾರ್ಮಿಕನೊಬ್ಬನ ತೋರುಬೆರಳು ಹೋಗಿ, ಆ ಕಾಯ್ದೆ ಲೆಕ್ಕಕ್ಕೆ ಹಿಡಿಯುತ್ತಿದ್ದ ಗರಿಷ್ಠ ಸಂಬಳ ತಿಂಗಳಿಗೆ 15,000 ರೂಪಾಯಿ ಅವನಿಗಿದ್ದರೆ, ಪರಿಹಾರ ಸುಮಾರು 2 ಲಕ್ಷ 62 ಸಾವಿರ ಆಗುತ್ತಿತ್ತು. ನೌಕರರ ರಾಜ್ಯ ವಿಮೆಗೆ, ಅಂದರೆ ಇಎಸ್‌ಐಗೆ, ಸೇರಿದ ಘಟಕವಾದರೆ ಅಪಘಾತದ ಹೊರೆಯನ್ನು ಇಎಸ್‌ಐ ಹೊರುತ್ತದೆ. ಹತ್ತು ಜನರಿಗಿಂತ ಕಡಿಮೆ ಇದ್ದು ಇಎಸ್‌ಐ ಆಚೆ ಉಳಿದ ಶೆಡ್ಡಿನಲ್ಲಿ ಆ ದುಡ್ಡು ಓನರಿನ ಕಿಸೆಯಿಂದ ಬರಬೇಕು. ಸಣ್ಣ ಉದ್ಯಮಿಯನ್ನು ನೆಲಕ್ಕೆ ಕೆಡವಲು ಇನ್‌ಸ್ಪೆಕ್ಟರೇ ಬೇಕಿಲ್ಲ, ಒಂದು ಡಬಲ್ ಸ್ಟ್ರೋಕ್ ಸಾಕು. ಸುರಕ್ಷತೆಯ ಕಾನೂನನ್ನು ಓನರು ಮತ್ತು ಕಾರ್ಮಿಕರ ನಡುವಿನ ಹಗ್ಗಜಗ್ಗಾಟ ಎಂದು ನೋಡುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಹಾಗಾದರೆ ಸಣ್ಣವರಿಗೆ ನ್ಯಾಯ ಸಿಗುವಂತೆ ಮಾಡುವುದು ಹೇಗೆ? ಸರ್ಕಾರಗಳಿಗೆ ತಟ್ಟನೆ ಹೊಳೆಯುವ ದಾರಿ, ಸಣ್ಣವರನ್ನು ಕಾನೂನಿನಿಂದ ಹೊರಗೆ ಬಿಡುವುದು. ಇದಕ್ಕೊಂದು ಇತಿಹಾಸ ಇದೆ. ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದು. ಅದು ನೂರು ಜನರಿದ್ದ ಕಾರ್ಖಾನೆಗಳಿಗೆ ಅನ್ವಯಿಸುತ್ತಿತ್ತು. 1891ರಲ್ಲಿ ಆ ಮಿತಿ ಐವತ್ತಕ್ಕೆ ಇಳಿಯಿತು, 1922ರಲ್ಲಿ ಇಪ್ಪತ್ತಕ್ಕೆ, 1948ರಲ್ಲಿ ವಿದ್ಯುತ್ ಬಳಸುವ ಕಡೆ ಹತ್ತಕ್ಕೆ. ಸುಮಾರು ಎಪ್ಪತ್ತು ವರ್ಷಗಳಲ್ಲಿ ಕಾನೂನು ಸಣ್ಣ ಶೆಡ್ಡಿನ ಕಡೆಗೆ ನಡೆದು ಬಂದಿತ್ತು. ಈಗ ಹೆಜ್ಜೆ ಹಿಂದಕ್ಕೆ ಬಿದ್ದಿದೆ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು 1948ರ ಕಾಯ್ದೆಯ ಜಾಗದಲ್ಲಿ ಜಾರಿಗೆ ಬಂತು. ಅದರ ಪ್ರಕಾರ ವಿದ್ಯುತ್ ಬಳಸುವ ಕಡೆ ಇಪ್ಪತ್ತು ಜನ, ಬಳಸದ ಕಡೆ ನಲವತ್ತು ಜನ ಇದ್ದರೆ ಮಾತ್ರ ಅದು ಕಾರ್ಖಾನೆ. ಹತ್ತು ಜನರಿರುವ ಘಟಕಕ್ಕೆ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ ನಿಜ. ಆದರೆ ಕಾರ್ಖಾನೆ ಎಂಬ ಹೆಸರಿನ ಹಿಂದೆ ಬರುವ ಬಿಗಿ ಅಲ್ಲಿಗೆ ತಲುಪುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈ ವಿನಾಯಿತಿ ಸಣ್ಣ ಉದ್ಯಮಿಗೆ ಮಾಡಿದ ಉಪಕಾರ ಅಲ್ಲ. ಕೀ ಕ್ಲಚ್ಚಿನ ಹಳೆಯ ಪ್ರೆಸ್ಸುಗಳು ಬಂದು ಸೇರುವುದು ಹತ್ತು-ಹನ್ನೆರಡು ಜನರ ಶೆಡ್ಡುಗಳಿಗೇ, ದೊಡ್ಡವರು ಬಿಟ್ಟ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ. ಕಿರುಕುಳವನ್ನು ತೆಗೆಯುವ ಭರದಲ್ಲಿ ನೆರವನ್ನೂ ತೆಗೆದುಬಿಟ್ಟರೆ, ಅಪಾಯವೊಂದೇ ಉಳಿಯುತ್ತದೆ.

ಹೊಸ ಸಂಹಿತೆಯಲ್ಲಿ ಒಳ್ಳೆಯದೂ ಇದೆ. ಯಾವ ಘಟಕಕ್ಕೆ ತಪಾಸಣೆ ಎಂಬುದನ್ನು ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸುವ ವ್ಯವಸ್ಥೆಗೆ ಅದು ಜಾಗ ಕೊಟ್ಟಿದೆ. ಒಂದೇ ಶೆಡ್ಡಿಗೆ ಪದೇಪದೇ ಬರುವ ಚಾಳಿಗೆ ಇದರಿಂದ ಕಡಿವಾಣ ಬೀಳಬಹುದು. ರಿಜಿಸ್ಟರು ಇಡದ ತಪ್ಪಿಗೆ ಬೇರೆಯೇ ದಂಡ ಇಟ್ಟಿದೆ, 50 ಸಾವಿರದಿಂದ 1 ಲಕ್ಷ. ಕಾರ್ಮಿಕ ಸತ್ತರೆ ಕನಿಷ್ಠ 5 ಲಕ್ಷ ರೂಪಾಯಿ ದಂಡ ಅಥವಾ ಎರಡು ವರ್ಷದವರೆಗೆ ಜೈಲು ಅಥವಾ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮೃತನ ಕುಟುಂಬಕ್ಕೆ ಕೊಡಿ ಎಂದು ನ್ಯಾಯಾಲಯ ಆದೇಶಿಸಬಹುದು. ಇದು ಆಗಬೇಕಿದ್ದ ಮಾತು.

ಆದರೆ ಸಾಮಾನ್ಯ ಉಲ್ಲಂಘನೆಗೆ ಇಟ್ಟ ದಂಡ ನೋಡಿ: ಕನಿಷ್ಠ 2 ಲಕ್ಷ, ಗರಿಷ್ಠ 3 ಲಕ್ಷ. ಇಪ್ಪತ್ತೆರಡು ಜನರ ಘಟಕಕ್ಕೂ ಎರಡು ಸಾವಿರ ಜನರ ಕಾರ್ಖಾನೆಗೂ ಅದೇ. ದೊಡ್ಡವನಿಗೆ ಇದು ಒಂದು ದಿನದ ಚಹಾ-ತಿಂಡಿಯ ಖರ್ಚಾಗಬಹುದು, ಸಣ್ಣವನಿಗೆ ತಿಂಗಳ ಸಂಬಳದ ಬಟವಾಡೆ ತಪ್ಪುತ್ತದೆ. ಮೊದಲ ಸಲ ತಪ್ಪಿದವನು, ಹೇಳಿದ ಮರುದಿನವೇ ಸರಿಪಡಿಸಿದವನು ಎಂದು ನೋಡಿ ಇಳಿಸೋಣ ಎಂದರೂ ತೀರ್ಪು ಕೊಡುವವರ ಕೈಯನ್ನು ಆ ಕನಿಷ್ಠ ಮೊತ್ತ ಕಟ್ಟಿಹಾಕುತ್ತದೆ.

ಅಮೆರಿಕದವರು ಈ ಪ್ರಶ್ನೆಯ ಜೊತೆ ಐವತ್ತು ವರ್ಷದಿಂದ ಗುದ್ದಾಡುತ್ತಿದ್ದಾರೆ. ಅಲ್ಲಿನ ಸುರಕ್ಷತಾ ಕಾಯ್ದೆ 1970ರದು, ಜಾರಿ ಮಾಡುವ ಸಂಸ್ಥೆಯ ಹೆಸರು ಓಶಾ. 1975ರಲ್ಲಿ ಐಡಹೋ ರಾಜ್ಯದ ಪೊಕಾಟೆಲೊ ಎಂಬ ಊರಿನಲ್ಲಿ ಬಾರ್ಲೋ ಎಂಬ ಪ್ಲಂಬಿಂಗ್-ವಿದ್ಯುತ್ ಕೆಲಸದ ಸಣ್ಣ ಉದ್ಯಮಿ, ವಾರಂಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದು ಇನ್‌ಸ್ಪೆಕ್ಟರನ್ನು ಬಾಗಿಲಲ್ಲೇ ನಿಲ್ಲಿಸಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1978ರಲ್ಲಿ ಬಾರ್ಲೋ ಗೆದ್ದರು. ಆದರೆ ಅಪರಾಧ ತನಿಖೆಗೆ ಬೇಕಾದಂಥ ಬಲವಾದ ಕಾರಣ ಈ ವಾರಂಟಿಗೆ ಬೇಕಿಲ್ಲ ಎಂದೂ ಅದೇ ತೀರ್ಪು ಹೇಳಿತು. ಹಾಗಾಗಿ ಬಾಗಿಲ ಜಗಳ ತೀರಿತೇ ಹೊರತು, ಒಳಗೆ ಬಂದವರು ಏನು ಮಾಡಬೇಕು ಎಂಬುದು ತೀರಲಿಲ್ಲ.

ಅದಕ್ಕೆ ಉತ್ತರ ಸಿಗುವುದು ಅವರ ಕಾಯ್ದೆಯಲ್ಲೇ. ದಂಡ ಗೊತ್ತುಮಾಡುವಾಗ ನಾಲ್ಕು ಸಂಗತಿ ನೋಡಬೇಕು ಎಂದು ಅದು ಹೇಳುತ್ತದೆ: ಉದ್ಯಮದ ಗಾತ್ರ, ತಪ್ಪಿನ ಗಂಭೀರತೆ, ಮಾಲೀಕನ ಪ್ರಾಮಾಣಿಕತೆ, ಹಿಂದಿನ ಚರಿತ್ರೆ. 2025ರ ಜುಲೈಯಿಂದ ಇಪ್ಪತ್ತೈದು ಜನರವರೆಗಿನ ಸಂಸ್ಥೆಗಳಿಗೆ ಗಾತ್ರದ ಲೆಕ್ಕದಲ್ಲೇ ಶೇಕಡ 70ರಷ್ಟು ಕಡಿತ ಸಿಗುವಂತೆ ಮಾಡಿದ್ದಾರೆ. ನನಗೆ ಇದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ, ಬೆರಳು ಹೋಗುವಂಥ ತಪ್ಪಿಗೂ ಅಷ್ಟು ರಿಯಾಯಿತಿ ಯಾಕೆ? ನಮಗೆ ನಿಜಕ್ಕೂ ಪಾಠ ಆಗಬೇಕಾದದ್ದು ಅವರ ಸಲಹಾ ಸೇವೆ. ಸಣ್ಣ ಉದ್ಯಮಿ ಕರೆದರೆ ತಜ್ಞರೊಬ್ಬರು ಬಂದು ಶೆಡ್ಡು ನೋಡಿ, ಎಲ್ಲೆಲ್ಲಿ ಅಪಾಯ ಎಂದು ಪಟ್ಟಿ ಮಾಡಿ ಕೊಡುತ್ತಾರೆ. ಫೀಸಿಲ್ಲ. ಈ ತಜ್ಞರು ದಂಡ ಹಾಕುವ ಇಲಾಖೆಯವರಲ್ಲ, ರಾಜ್ಯದ ಬೇರೆ ಕಚೇರಿಯವರು ಅಥವಾ ವಿಶ್ವವಿದ್ಯಾಲಯದವರು. ಕಂಡದ್ದನ್ನು ಓಶಾ ಕಿವಿಗೆ ಹಾಕುವುದಿಲ್ಲ. ಒಂದು ಷರತ್ತು ಮಾತ್ರ ಬಿಗಿ: ಗಂಭೀರ ಅಪಾಯ ಎಂದು ಬರೆದದ್ದನ್ನು ಒಪ್ಪಿದ ತಾರೀಖಿನೊಳಗೆ ಸರಿಪಡಿಸಲೇಬೇಕು. ಸರಿಪಡಿಸದಿದ್ದರೆ ವಿಷಯ ಓಶಾಗೆ ಹೋಗುತ್ತದೆ.

ನಮ್ಮ ಸಂಹಿತೆ ಇನ್‌ಸ್ಪೆಕ್ಟರ್ ಎಂಬ ಹುದ್ದೆಗೆ ಹೊಸ ಹೆಸರಿಟ್ಟಿದೆ: ಇನ್‌ಸ್ಪೆಕ್ಟರ್-ಕಂ-ಫೆಸಿಲಿಟೇಟರ್. ತಪಾಸಣೆಯೂ ಅವರದೇ, ಸಲಹೆಯೂ ಅವರದೇ. ಉದ್ದೇಶ ಒಳ್ಳೆಯದಿರಬಹುದು. ಆದರೆ ನಾಳೆ ನೋಟಿಸ್ ಕೊಡಬಲ್ಲವರನ್ನು ಇವತ್ತು "ಸಾರ್, ನಮ್ಮ ಪ್ರೆಸ್ಸಿಗೆ ಗಾರ್ಡಿಲ್ಲ, ಏನು ಮಾಡಲಿ" ಎಂದು ಯಾವ ಓನರು ಕರೆಯುತ್ತಾನೆ?

ಬ್ರಿಟನ್ನಿನಲ್ಲಿ 1974ರ ಕಾಯ್ದೆ ಎರಡು ಬಗೆಯ ನೋಟಿಸನ್ನು ಬೇರೆ ಮಾಡಿದೆ. ಗಂಭೀರ ಗಾಯದ ಅಪಾಯವಿದ್ದರೆ ನಿಷೇಧದ ನೋಟಿಸು, ಆ ಯಂತ್ರ ಆ ಕ್ಷಣವೇ ನಿಲ್ಲಬೇಕು. ಹಾಗಲ್ಲದ ಉಲ್ಲಂಘನೆಗೆ ಸುಧಾರಣೆಯ ನೋಟಿಸು, ಸರಿಪಡಿಸಲು ಕನಿಷ್ಠ 21 ದಿನ. ತಕರಾರಿದ್ದರೆ ಮೇಲ್ಮನವಿಗೂ ಆ ಅವಧಿಯಲ್ಲಿ ದಾರಿ ಇದೆ. ಅಪಾಯಕಾರಿ ಕೆಲಸವನ್ನು ನಿಲ್ಲಿಸುವ ಅಧಿಕಾರ ನಮ್ಮ ಅಧಿಕಾರಿಗಳಿಗೂ ಇದೆ. ಎಚ್ಚರಿಕೆ ಕೊಟ್ಟು, ಗಡುವು ಕೊಟ್ಟು ಕಾಯುವುದಕ್ಕೂ ನಮಗೆ ಆಧಾರ ಇಲ್ಲದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 81ನೇ ಒಡಂಬಡಿಕೆಯನ್ನು ಭಾರತ 1949ರಲ್ಲೇ ಅನುಮೋದಿಸಿದೆ. ಮೊಕದ್ದಮೆ ಹೂಡುವ ಬದಲು ಎಚ್ಚರಿಕೆ, ಸಲಹೆ ಕೊಡುವ ವಿವೇಚನೆ ಇನ್‌ಸ್ಪೆಕ್ಟರಿಗೆ ಇರಬೇಕು ಎಂದು ಅದು ಹೇಳುತ್ತದೆ. ಅದೇ ಒಡಂಬಡಿಕೆ, ಮುನ್ಸೂಚನೆ ಇಲ್ಲದೆ ಒಳಗೆ ಹೋಗುವ ಅಧಿಕಾರವೂ ಅವರಿಗೆ ಇರಬೇಕು ಎನ್ನುತ್ತದೆ. ಉದ್ಯಮಿಗಳ ಸಂಘಗಳು ಮೊದಲನೆಯದನ್ನು ನೆನಪಿಸುತ್ತವೆ, ಕಾರ್ಮಿಕ ಸಂಘಗಳು ಎರಡನೆಯದನ್ನು. ಎರಡೂ ಇರಬೇಕಾದವೇ.

ಇನ್ನು, ಈ ಮಾತುಕತೆಯಲ್ಲಿ ಹೆಸರೇ ಬರದೆ ಉಳಿಯುವವರು ಇಬ್ಬರಿದ್ದಾರೆ. ಒಬ್ಬರು ಯಂತ್ರ ಮಾರುವವರು. ಗಾರ್ಡಿಲ್ಲದ ಯಂತ್ರವನ್ನು ಕಾರ್ಖಾನೆಗೆ ಮಾರುವುದು 1948ರ ಕಾಯ್ದೆಯಲ್ಲೇ ತಪ್ಪಾಗಿತ್ತು. ಭೋಪಾಲ ದುರಂತದ ಬಳಿಕ 1987ರ ತಿದ್ದುಪಡಿ, ತಯಾರಕರ ಹೊಣೆಯನ್ನು ಇನ್ನೂ ಬಿಡಿಸಿ ಹೇಳಿತು. ಆದರೂ ತಪಾಸಣೆ ಬರುವುದು ಕೊಂಡವನ ಮನೆಗೆ. ಇನ್ನೊಬ್ಬರು ದೊಡ್ಡ ಗಿರಾಕಿಗಳು. ಜಾಬ್ ವರ್ಕ್ ಕೊಡುವ ಕಂಪನಿ ಪ್ರತಿ ತುಂಡಿನ ದರವನ್ನು ಪೈಸೆಯಲ್ಲಿ ಚೌಕಾಸಿ ಮಾಡುತ್ತದೆ, ಮಾಲು ನಾಳೆ ಬೆಳಿಗ್ಗೆಯೇ ಬೇಕು ಎನ್ನುತ್ತದೆ. ಗಾರ್ಡ್ ಹಾಕಿದರೆ ತಾಸಿಗೆ ಬರುವ ತುಂಡು ಕಡಿಮೆಯಾಗಬಹುದು, ಆ ನಷ್ಟ ದರದಲ್ಲಿ ಸೇರುವುದಿಲ್ಲ. ಗುರುಗ್ರಾಮ, ಮಾನೇಸರ ಭಾಗದಲ್ಲಿ ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ ವಾಹನ ಉದ್ಯಮದ ಗಾಯಾಳುಗಳ ಬಗ್ಗೆ ವರ್ಷ ವರ್ಷ ವರದಿ ತರುತ್ತಿದೆ. ಬೆರಳು ಕಳೆದುಕೊಳ್ಳುವವರು ದೊಡ್ಡ ಹೆಸರಿನ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕಗಳಲ್ಲಿ, ಬಹುಪಾಲು ಪವರ್ ಪ್ರೆಸ್ಸಿನ ಕೆಳಗೆ ಎಂಬುದು ಆ ವರದಿಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ತುಂಡಿನ ಅಳತೆ ಕೂದಲೆಳೆಯಷ್ಟು ತಪ್ಪಿದರೆ ಲಾರಿಯನ್ನೇ ವಾಪಸು ಕಳಿಸುವ ಕಂಪನಿಗೆ, ಗಾರ್ಡ್ ಇದೆಯೇ ಎಂದು ನೋಡಿ ಆರ್ಡರು ಕೊಡುವುದು ಕಷ್ಟವೇನಲ್ಲ.

ಕರ್ನಾಟಕದಲ್ಲಿ ಇದನ್ನು ಶುರುಮಾಡಲು ಹೊಸ ಸಂಸ್ಥೆ ಕಟ್ಟಬೇಕಾಗಿಯೂ ಇಲ್ಲ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ. ಜಿಟಿಟಿಸಿ ಎಂದರೆ ಎಲ್ಲರಿಗೂ ಗೊತ್ತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬಂದ ಈ ಕೇಂದ್ರಕ್ಕೆ ಈಗ ರಾಜ್ಯದ ಹಲವು ಊರುಗಳಲ್ಲಿ ಶಾಖೆಗಳಿವೆ. ಪ್ರೆಸ್ ಟೂಲು, ಡೈ ಅಲ್ಲಿನವರಿಗೆ ನಿತ್ಯದ ಪಾಠ. ದಂಡ ಹಾಕುವ ಅಧಿಕಾರ ಅವರಿಗಿಲ್ಲ, ಅದೇ ಅವರ ಅನುಕೂಲ. ಅವರಲ್ಲಿ ಕೆಲವರಿಗೆ ಸುರಕ್ಷತೆಯ ತರಬೇತಿ ಕೊಟ್ಟು ಶೆಡ್ಡುಗಳಿಗೆ ಕಳಿಸಬಹುದು. ಖರ್ಚಿನಲ್ಲಿ ಒಂದು ಪಾಲು ಇಎಸ್‌ಐ ಹೊರಲಿ, ತನಗೆ ಸೇರಿದ ಘಟಕಗಳಲ್ಲಿ ಹೋದ ಪ್ರತಿ ಬೆರಳಿಗೂ ದುಡ್ಡು ಕಟ್ಟುತ್ತಿರುವುದು ಅದೇ ತಾನೆ. ಹತ್ತಕ್ಕಿಂತ ಕಡಿಮೆ ಜನರಿರುವ ಶೆಡ್ಡು ಕಾನೂನಿನ ಕೈಗೆ ಸಿಗುವುದಿಲ್ಲ ಎನ್ನುವವರಿಗೆ ಸಂಹಿತೆಯಲ್ಲೇ ಉತ್ತರ ಇದೆ: ಅಪಾಯಕಾರಿ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿದ ಕೆಲಸದಲ್ಲಿ ಒಬ್ಬನೇ ಕಾರ್ಮಿಕನಿದ್ದರೂ ಅದು ಅನ್ವಯಿಸುವಂತೆ ಮಾಡಬಹುದು. ಪವರ್ ಪ್ರೆಸ್ಸನ್ನು ಆ ಪಟ್ಟಿಗೆ ಸೇರಿಸಬೇಕು, ಅದೇ ದಿನ ಸಲಹಾ ಸೇವೆಯ ಫೋನ್ ನಂಬರನ್ನೂ ಪ್ರಕಟಿಸಬೇಕು.

ತಜ್ಞರು ಬಂದು ಹೋದ ಮೇಲೆ ಬರೆದು ಕೊಡುವ ಚೀಟಿ ಒಂದೇ ಹಾಳೆಯದಾಗಿರಲಿ. ಯಾವ ಯಂತ್ರ, ಏನು ಕೊರತೆ, ಏನು ಮಾಡಬೇಕು, ಯಾವ ತಾರೀಖಿನೊಳಗೆ. ಅಮೆರಿಕದ ಸಲಹಾ ಸೇವೆಯಲ್ಲಿ ಇಂಥ ಪಟ್ಟಿಯನ್ನು ಕಾರ್ಮಿಕರಿಗೆ ಕಾಣುವಂತೆ ಅಂಟಿಸುವುದು ಕಡ್ಡಾಯ. ನಮ್ಮಲ್ಲೂ ಅದನ್ನು ಪ್ರೆಸ್ಸಿನ ಪಕ್ಕದ ಗೋಡೆಗೆ ಅಂಟಿಸಬೇಕು, ಆಪರೇಟರಿಗೆ ಓದಲು ಬರುವ ಭಾಷೆಯಲ್ಲಿ. ಪೀಣ್ಯದಲ್ಲಾದರೆ ಕನ್ನಡದ ಜೊತೆಗೆ ಹಿಂದಿ, ಒಡಿಯಾ ಕೂಡ ಬೇಕಾಗುತ್ತದೆ.